ವ್ಯಾಗನ್ ಬಾಗಿಲಿನ ಕೀಲು ಎಲ್ಲಿರಬೇಕು

ಒಂದು ಶನಿವಾರ ರಾತ್ರಿ, ನಾನು ಮಾಡುತ್ತಿರುವ ಪುಟ್ಟ ಮಾದರಿ ರೈಲು ವ್ಯಾಗನ್ನಿನ ಎಡಗಡೆ ಕದದ ಹೊರ ಅಂಚಿನಲ್ಲಿ ಸಾಸಿವೆ ಕಾಳಿನ ಕಾಲು ಭಾಗದಷ್ಟು ನೀಲಿ ಗುರುತು ಮೂಡಿತು. ಎರಡು ತಿಂಗಳಿಂದ ನನ್ನನ್ನು ಕಾಡಿದ ಜಾಗ ಅದೇ. ಕದ ತೆರೆಯುತ್ತಿತ್ತು, ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಇನ್ನೂ ತಳ್ಳಿದರೆ ವ್ಯಾಗನ್ನಿನ ಗೋಡೆಯೇ ಬಾಗುತ್ತಿತ್ತು. ಎಲ್ಲಿ ತಾಗುತ್ತಿದೆ ಎಂದು ಭೂತಗನ್ನಡಿ ಹಿಡಿದು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಇಡೀ ಕದದ ಅಗಲ ನನ್ನ ಕಿರುಬೆರಳಿನ ಉಗುರಿನಷ್ಟು.

ಆ ನೀಲಿ ಬಂದದ್ದು ನನ್ನ ಕಸುಬಿನಿಂದ. ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಹಲ್ಲಿನ ಸೆಟ್ ಕಟ್ಟುವುದು ನನ್ನ ಕೆಲಸ. ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ನಾವು ಲ್ಯಾಬಿನಲ್ಲಿ ಮೇಣದಲ್ಲಿ, ಅಕ್ರಿಲಿಕ್‌ನಲ್ಲಿ, ಲೋಹದಲ್ಲಿ ಹಲ್ಲು ಮಾಡಿ ಕೊಡುತ್ತೇವೆ. ಹೊಸ ಹಲ್ಲು ಕಚ್ಚುವಾಗ ಎಲ್ಲಿ ಎತ್ತರವಾಗಿದೆ ಎಂದು ನೋಡಲು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ನೀಲಿ ಬಣ್ಣದ ತೆಳು ಕಾಗದ ಇಟ್ಟು ಕಚ್ಚಿಸುತ್ತಾರೆ. ಆರ್ಟಿಕ್ಯುಲೇಟಿಂಗ್ ಪೇಪರ್ ಅಂತಾರೆ. ತಾಗಿದ ಕಡೆ ನೀಲಿ ಉಳಿಯುತ್ತದೆ, ಅಲ್ಲಿ ಮಾತ್ರ ಉಜ್ಜಬೇಕು. ಇಷ್ಟು ವರ್ಷ ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿದ ಕಾಗದವನ್ನು ವ್ಯಾಗನ್ ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಡಬಹುದು ಎಂದು ಎರಡು ತಿಂಗಳು ಹೊಳೆಯಲಿಲ್ಲ. ಹೊಳೆದ ಮೇಲೆ ಎರಡೇ ನಿಮಿಷ.

ನಾನು ಮಾಡುತ್ತಿರುವುದು ಮೀಟರ್ ಗೇಜಿನ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ದಾರಿಯ, ಒಂದು ಮುಚ್ಚಿದ ಗೂಡ್ಸ್ ವ್ಯಾಗನ್. ಅಳತೆ ಎಚ್ಒ, ಅಂದರೆ 87ಕ್ಕೆ 1. ನಿಜದ ಒಂದು ಅಡಿ ಇಲ್ಲಿ 3.5 ಮಿಲಿಮೀಟರ್. ಎಚ್ಒದ ಮಾಮೂಲಿ ಹಳಿಗಳ ನಡುವಿನ ಅಂತರ 16.5 ಮಿಮೀ, ಅದು ಅಮೆರಿಕ, ಯುರೋಪಿನ ಸ್ಟ್ಯಾಂಡರ್ಡ್ ಗೇಜಿಗೆ ಹೊಂದುವ ಲೆಕ್ಕ. ನಮ್ಮ ಈಗಿನ ಬ್ರಾಡ್ ಗೇಜ್ 1676 ಮಿಮೀ, ಅದನ್ನು 87ರಿಂದ ಭಾಗಿಸಿದರೆ 19 ಮಿಮೀ ದಾಟುತ್ತದೆ. ಮೀಟರ್ ಗೇಜ್ ಹನ್ನೊಂದೂವರೆಗೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳ ಮಾದರಿಗೆಂದು 12 ಮಿಮೀ ಹಳಿ ಮಾರುತ್ತಾರೆ, ಅದರ ಮೇಲೆ ನಮ್ಮ ಮೀಟರ್ ಗೇಜ್ ಚೆನ್ನಾಗಿ ಕೂರುತ್ತದೆ. ಅರ್ಧ ಮಿಲಿಮೀಟರಿಗೆ ನಾನು ಜಗಳಕ್ಕೆ ಹೋಗುವುದಿಲ್ಲ.

ಮೀಟರ್ ಗೇಜೇ ಯಾಕೆ ಅಂದರೆ, ಅಪ್ಪ ಮಂಡ್ಯ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಬೆಂಗಳೂರು–ಮೈಸೂರು ದಾರಿಗೆ 1882ರಲ್ಲಿ ಬಂದ ಮೀಟರ್ ಗೇಜು ತೊಂಬತ್ತರ ದಶಕದವರೆಗೂ ಇತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದ್ದು. ಸಕ್ಕರೆ ಆಗ ನೂರು ಕೆಜಿಯ ಗೋಣಿ ಮೂಟೆಯಲ್ಲಿ ಬರುತ್ತಿತ್ತು. ಬೆಲ್ಲವೂ ಇತ್ತು. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಬುತ್ತಿ ಕೊಡುವ ನೆಪದಲ್ಲಿ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಎಂಜಿನ್ ನೋಡಲಿಕ್ಕೆ ಅಲ್ಲ. ನನ್ನ ಕಣ್ಣು ಇದ್ದದ್ದು ಬಾಗಿಲಿನ ಮೇಲೆ. ಸೀಸದ ಸೀಲು ಕತ್ತರಿಸಿ, ಚಿಲಕ ತೆಗೆದು, ಕದ ಎಳೆದಾಗ ಕಬ್ಬಿಣದ ಕೀಲು ಒಂದು ಸಲ ಕಿರುಗುಟ್ಟಿ, ಆಮೇಲೆ ಕದ ತಾನೇ ತೂಗಿಕೊಂಡು ಹೋಗಿ ಗೋಡೆಗೆ ಬಡಿಯುತ್ತಿತ್ತು. ಒಳಗಿಂದ ಗೋಣಿಯ ವಾಸನೆ, ಬೆಲ್ಲದ ವಾಸನೆ, ಬಿಸಿಲಿಗೆ ಕಾದ ತಗಡಿನ ಧಗೆ ಎಲ್ಲ ಒಟ್ಟಿಗೆ ಬರುತ್ತಿದ್ದವು.

ಅಪ್ಪ ಆಗ ಒಂದು ಮಾತು ಪದೇಪದೇ ಹೇಳುತ್ತಿದ್ದರು: "ಬಾಗ್ಲು ಮುಂದೆ ನಿಂತ್ಕಬ್ಯಾಡ ಕಣ್ಲಾ, ಪಕ್ಕಕ್ಕೆ ಬಾ." ದಾರಿಯ ಕುಲುಕಾಟಕ್ಕೆ ಮೂಟೆಗಳು ಜರುಗಿ ಕದಕ್ಕೆ ಒರಗಿಕೊಂಡಿರುತ್ತವೆ. ಚಿಲಕ ತೆಗೆದ ಕೂಡಲೇ ನೂರು ಕೆಜಿ ಎದೆಯ ಮೇಲೆ ಬೀಳಬಹುದು. ತೆಗೆಯುವವರು ಯಾವಾಗಲೂ ಕೀಲಿನ ಪಕ್ಕದಲ್ಲಿ, ಕದದ ಮರೆಯಲ್ಲಿ ನಿಲ್ಲುತ್ತಿದ್ದರು.

ಮಾದರಿಯಲ್ಲಿ ತೆರೆಯುವ ಬಾಗಿಲು ಇರಲೇಬೇಕು ಎನ್ನುವ ನನ್ನ ಹಟದ ಹಿಂದೆ ಇಷ್ಟೂ ಇದೆ. ಮುಚ್ಚಿದ ಬಾಗಿಲಿನ ವ್ಯಾಗನ್ ನನಗೆ ಹಾದುಹೋಗುವ ರೈಲು. ತೆರೆದ ಬಾಗಿಲಿನ ವ್ಯಾಗನ್ ಅಪ್ಪನ ಕೆಲಸದ ಜಾಗ.

ಆದರೆ ನಾನು ಕೈ ಪಳಗಿಸಿಕೊಂಡದ್ದು ನಮ್ಮ ವ್ಯಾಗನ್ನಿನ ಮೇಲಲ್ಲ. ಆರು ವರ್ಷದ ಹಿಂದೆ ಅಕ್ಕನ ಮಗ ಅಮೆರಿಕದಿಂದ ಬರುವಾಗ "ಮಾವ, ಇದು ನಿಮ್ಗೆ" ಎಂದು ಒಂದು ಬಾಕ್ಸ್ ಕಾರ್, ಅಂದರೆ ಅಲ್ಲಿನ ಮುಚ್ಚಿದ ಗೂಡ್ಸ್ ವ್ಯಾಗನ್ನಿನ ಮಾದರಿ, ತಂದುಕೊಟ್ಟ. ನಲವತ್ತು ಅಡಿಯ ಉಕ್ಕಿನ ವ್ಯಾಗನ್, ಮಾದರಿಯಲ್ಲಿ 140 ಮಿಮೀ. ಅಲ್ಲಿನವಕ್ಕೆ ಕದ ತಿರುಗುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಆರಡಿ ಅಗಲದ ಕದ, ಇಲ್ಲಿ 21 ಮಿಮೀ. ಅಡ್ಡಡ್ಡ ಏಣುಗಳಿರುವ, ಯಂಗ್ಸ್‌ಟೌನ್ ಎಂಬ ಬಗೆಯ ಒತ್ತುಕಬ್ಬಿಣದ ಬಾಗಿಲು. ನೋಡಲು ಬಹಳ ಚೆಂದ. ಆದರೆ ಗೋಡೆಯ ಜೊತೆಗೇ ಒಂದೇ ಅಚ್ಚಿನಲ್ಲಿ ಬಂದಿತ್ತು, ತೆರೆಯುವಂತಿರಲಿಲ್ಲ.

ಕತ್ತರಿಸುವ ಮೊದಲು ಅಳತೆ ತೆಗೆದೆ. ಬಾಯಿಯ ಅಳತೆ ತೆಗೆಯುವ ಸಿಲಿಕೋನ್ ಇದೆಯಲ್ಲ, ಅದನ್ನೇ ಆ ಅಚ್ಚುಬಾಗಿಲಿನ ಮೇಲೆ ಒತ್ತಿದೆ. ಹಲ್ಲಿನ ಮೇಲಿನ ಕೂದಲೆಳೆ ಬಿರುಕನ್ನೂ ಹಿಡಿಯುವ ವಸ್ತು, ಬಾಗಿಲಿನ ರಿವೆಟ್ಟು ಅದಕ್ಕೆ ದೊಡ್ಡದೇ. ಆ ಅಚ್ಚಿನಲ್ಲಿ ಪುಡಿ, ದ್ರವ ಕಲಸಿದರೆ ತಾನೇ ಗಟ್ಟಿಯಾಗುವ ಕೋಲ್ಡ್ ಕ್ಯೂರ್ ಅಕ್ರಿಲಿಕ್ ಹಾಕಿ, ಗುಳ್ಳೆ ಬಾರದಂತೆ ಪ್ರೆಷರ್ ಪಾಟಿನಲ್ಲಿ ಬೆಚ್ಚಗಿನ ನೀರಿನೊಳಗೆ ಗಟ್ಟಿ ಮಾಡಿದೆ. ಹಿಂಬದಿ ಉಜ್ಜಿ 0.6 ಮಿಮೀಗೆ ಇಳಿಸಿದೆ. ಬಾಗಿಲು ಸಿದ್ಧ. ಆಮೇಲೆ ಗೋಡೆಯ ಮೂಲ ಬಾಗಿಲಿನ ನಾಲ್ಕು ಮೂಲೆಗೆ ತೂತು ಕೊರೆದು, ಚಾಕುವಿನಲ್ಲಿ ಗೆರೆ ಎಳೆದೆಳೆದು ಬಿಡಿಸಿದೆ. ಅಷ್ಟು ಒಳ್ಳೆಯ ಗೋಡೆಗೆ ಚಾಕು ಹಾಕುವಾಗ ಕೈ ನಡುಗಿತು.

ಜಾರುವ ಬಾಗಿಲಿನ ಗುಟ್ಟು ಅರ್ಥವಾಗಲು ಒಂದು ಮಳೆಗಾಲ ಹಿಡಿಯಿತು. ಮೇಲೊಂದು ಕೆಳಗೊಂದು ಕಾಲುವೆ ಮಾಡಿ, ಎರಡಕ್ಕೂ ಬಿಗಿಯಾಗಿ ಕೂರುವಂತೆ ಕದ ಇಟ್ಟೆ. ನಡುವೆ ಹಿಡಿದು ತಳ್ಳಿದರೆ ಜಾರುತ್ತಿತ್ತು. ಒಂದು ಮೂಲೆಯಿಂದ ತಳ್ಳಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು, ಹಳೇ ಮೇಜಿನ ಡ್ರಾಯರ್ ಒಂದು ಹಿಡಿಯಿಂದ ಎಳೆದರೆ ಸಿಕ್ಕಿಕೊಳ್ಳುವ ಹಾಗೆ. ಕದದ ಎತ್ತರ ಅಗಲಕ್ಕಿಂತ ಹೆಚ್ಚು, ಹಾಗಾಗಿ ಓರೆಯಾಗುವುದು ಇನ್ನೂ ಸುಲಭ. ನಿಜದ ಬಾಕ್ಸ್ ಕಾರಿನ ಚಿತ್ರಗಳನ್ನು ಮತ್ತೆ ಕೂತು ನೋಡಿದಾಗ ಉತ್ತರ ಅಲ್ಲೇ ಇತ್ತು. ಬಾಗಿಲಿನ ಪೂರ್ತಿ ತೂಕ ಕೆಳಗಿನ ಹಳಿಯ ಮೇಲೆ ಉರುಳೆಗಳಲ್ಲಿ ನಿಂತಿರುತ್ತದೆ. ಮೇಲಿನ ಪಟ್ಟಿ ಏನನ್ನೂ ಹೊರುವುದಿಲ್ಲ, ಕದ ಹೊರಕ್ಕೆ ಬೀಳದಂತೆ ತಡೆಯುತ್ತದೆ ಅಷ್ಟೆ. ನಾನೂ ಹಾಗೇ ಮಾಡಿದೆ. ಕೆಳ ಅಂಚಿನ ಎರಡು ತುದಿಗೆ ಮಾತ್ರ ಸಣ್ಣ ಕಾಲು ಬಿಟ್ಟು ನಡುವಿನದನ್ನು ಉಜ್ಜಿ ತೆಗೆದೆ, ಮೇಲ್ಗಡೆ ಧಾರಾಳವಾಗಿ ಸಡಿಲ ಬಿಟ್ಟೆ. ಯಾವ ಮೂಲೆಯಿಂದ ತಳ್ಳಿದರೂ ಜಾರತೊಡಗಿತು.

ಬಣ್ಣ ಹಾಕಿದ ಮೇಲೆ ಮತ್ತೆ ನಿಂತುಬಿಟ್ಟಿತು. ಕದದ ಎರಡು ಮುಖ, ಕಾಲುವೆಯ ಎರಡು ಮುಖ, ಒಟ್ಟು ನಾಲ್ಕು ಪದರ ಬಣ್ಣದ ದಪ್ಪಕ್ಕೆ ನಾನು ಜಾಗ ಬಿಟ್ಟಿರಲಿಲ್ಲ. ಈಗ ಯಾವ ಬಾಗಿಲಾದರೂ ಬಣ್ಣದ ದಪ್ಪ ಸೇರಿಸಿಯೇ ಲೆಕ್ಕ ಹಾಕುತ್ತೇನೆ, ಜಾರುವ ಜಾಗಕ್ಕೆ 6ಬಿ ಪೆನ್ಸಿಲಿನ ಪುಡಿ ಉಜ್ಜುತ್ತೇನೆ. ಎಣ್ಣೆ ಬೇಡ. ಎಣ್ಣೆ ಧೂಳು ಹಿಡಿಯುತ್ತದೆ, ಬೇಸಿಗೆಯಲ್ಲಿ ಅಂಟಾಗುತ್ತದೆ.

ಅಮೆರಿಕದಲ್ಲಿ ಪ್ಲಗ್ ಡೋರ್ ಎಂಬುದೂ ಇದೆ. ಮುಚ್ಚಿದಾಗ ಗೋಡೆಯ ಮಟ್ಟಕ್ಕೇ ಬೆಣೆಯಂತೆ ಕೂರುತ್ತದೆ, ತೆರೆಯುವಾಗ ಸಲಾಕೆ ತಿರುಗಿಸಿ ಮೊದಲು ಹೊರಕ್ಕೆ ತಂದು ಆಮೇಲೆ ಪಕ್ಕಕ್ಕೆ ಸರಿಸುತ್ತಾರೆ. ಈ ಅಳತೆಯಲ್ಲಿ ಎರಡು ಚಲನೆಯನ್ನೂ ತರಬೇಕು, ನಾನು ಕೈ ಹಾಕಿಲ್ಲ. 1947ರಲ್ಲೇ ಲಯನೆಲ್ ಕಂಪನಿ, ಗುಂಡಿ ಒತ್ತಿದರೆ ಬಾಗಿಲು ತೆರೆದು ಒಳಗಿನ ಆಳು ಹಾಲಿನ ಕ್ಯಾನು ಹೊರಕ್ಕೆ ತಳ್ಳುವ ವ್ಯಾಗನ್ ಮಾಡಿತ್ತು. ಅದು ಇದಕ್ಕಿಂತ ಬಹಳ ದೊಡ್ಡ ಅಳತೆ, ಮಕ್ಕಳಿಗಾಗಿ ಮಾಡಿದ್ದು. ಆ ಯೋಚನೆಗೆ ನನ್ನ ಗೌರವ ಇದೆ. ನನಗೆ ಬೇಕಾದದ್ದು ಬೇರೆ: ಮುಚ್ಚಿದಾಗ ಇದು ತೆರೆಯುವ ಬಾಗಿಲು ಎಂದೇ ತಿಳಿಯಬಾರದು, ತೆರೆದಾಗ ಬಿಟ್ಟಲ್ಲೇ ನಿಲ್ಲಬೇಕು.

ಇನ್ನು ನಮ್ಮ ವ್ಯಾಗನ್. ಒಂದೊಂದು ಪಕ್ಕಕ್ಕೂ ಎರಡು ಕದ, ಹೊರಕ್ಕೆ ತಿರುಗಿ ಗೋಡೆಗೆ ಒರಗುವಂಥವು. ನಕ್ಷೆ ನನ್ನ ಬಳಿ ಇಲ್ಲ. ಬಾಗಿಲು ಎಷ್ಟು ಅಗಲ ಇತ್ತು ಎಂದು ಅಪ್ಪನನ್ನು ಕೇಳಿದೆ. "ಒಬ್ಬ ಮೂಟೆ ಹೊತ್ಕಂಡು ಒಳಿಕ್ಕೆ ಹೋಯ್ತಾ ಇದ್ರೆ ಇನ್ನೊಬ್ಬ ಬರಿಗೈಲಿ ಈಚೆಗೆ ಬರ್ಬೋದಾಗಿತ್ತು" ಅಂದರು. ಹಜಾರದಲ್ಲಿ ಅಪ್ಪನನ್ನೂ ನನ್ನನ್ನೂ ಪಕ್ಕಪಕ್ಕ ನಿಲ್ಲಿಸಿ, ನನ್ನ ಹೆಗಲಿಗೆ ದಿಂಬು ಇಟ್ಟು ನನ್ನಾಕೆ ಟೇಪು ಹಿಡಿದಳು. ಐದಡಿ ಅಂತ ಇಟ್ಟುಕೊಂಡೆ. ಅಂದರೆ 17.5 ಮಿಮೀ, ಒಂದು ಕದಕ್ಕೆ ಒಂಬತ್ತಕ್ಕೂ ಸ್ವಲ್ಪ ಕಡಿಮೆ.

ಮೊದಲ ತಪ್ಪು ಕೀಲಿನ ಜಾಗದ್ದು. ಗೋಡೆ ಒಂದು ಮಿಮೀ ದಪ್ಪದ ಪ್ಲಾಸ್ಟಿಕ್. ಹೊರಗೆ ಏನೂ ಕಾಣದಿರಲಿ ಎಂದು ಕೀಲಿನ ತಂತಿಯನ್ನು ಆ ದಪ್ಪದ ನಟ್ಟನಡುವೆ, ಮೇಲೆ ಕೆಳಗೆ ತೂತು ಕೊರೆದು ಕೂರಿಸಿದ್ದೆ. ಮುಚ್ಚಿದಾಗ ಗೆರೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಬಹಳ ಖುಷಿಯಾಗಿತ್ತು. ಆದರೆ ತಂತಿ ದಪ್ಪದ ನಡುವೆ ಇದ್ದರೆ, ಕದ ತಿರುಗುವಾಗ ಅದರ ಹೊರ ಅಂಚು ಚೌಕಟ್ಟಿನ ಕಡೆಗೇ ಬರುತ್ತದೆ, ಬಂದು ತಾಗಿ ನಿಲ್ಲುತ್ತದೆ. ನೀಲಿ ಕಾಗದ ತೋರಿಸಿದ್ದು ಅದನ್ನೇ.

ನಮ್ಮ ಕಸುಬಿನಲ್ಲಿ ಇದು ಮೊದಲ ವರ್ಷದ ಪಾಠ. ಹಲ್ಲಿನ ಅಚ್ಚುಗಳನ್ನು ಆರ್ಟಿಕ್ಯುಲೇಟರ್ ಎಂಬ ಉಪಕರಣಕ್ಕೆ ಕೂರಿಸುತ್ತೇವೆ, ಅದು ದವಡೆಯ ಹಾಗೆ ತೆರೆದು ಮುಚ್ಚುತ್ತದೆ. ಮನುಷ್ಯನ ದವಡೆಯ ಕೀಲು ಹಲ್ಲಿನ ಹತ್ತಿರ ಇಲ್ಲ, ಕಿವಿಯ ಮುಂದೆ ಇದೆ. ಅಚ್ಚನ್ನು ಆ ಕೀಲಿನಿಂದ ತಪ್ಪು ಜಾಗದಲ್ಲಿ ಕೂರಿಸಿದರೆ, ಮೇಜಿನ ಮೇಲೆ ಚೆನ್ನಾಗಿ ಕಚ್ಚಿದ ಹಲ್ಲು ಬಾಯಿಗೆ ಹೋದಾಗ ಬೇರೆ ಕಡೆ ಮೊದಲು ತಾಗುತ್ತದೆ. ಹಲ್ಲನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ತಪ್ಪಿರುವುದು ಕೀಲಿನಲ್ಲಿ. ಕದದ ಅಂಚು ಉಜ್ಜಲು ಅರ ಕೈಗೆತ್ತಿಕೊಂಡವನು ಅದನ್ನು ಕೆಳಗಿಟ್ಟೆ.

ಮರುವಾರ ಮೈಸೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಆಚೆ ಹಳಿಯಲ್ಲಿ ಮುಚ್ಚಿದ ವ್ಯಾಗನ್‌ಗಳ ರೇಕು ಬಂದು ನಿಂತಿತು. ಈಗಿನ ಉದ್ದನೆಯ ಬ್ರಾಡ್ ಗೇಜ್ ವ್ಯಾಗನ್‌ಗಳು, ನನ್ನದಕ್ಕಿಂತ ಬಹಳ ದೊಡ್ಡವು. ಆದರೆ ನಾನು ನೋಡಿದ್ದು ಕೀಲನ್ನು ಮಾತ್ರ. ಕೀಲಿನ ಕಡ್ಡಿ ಗೋಡೆಯೊಳಗೆ ಇರಲಿಲ್ಲ. ಗೋಡೆಯಿಂದ ಹೊರಕ್ಕೆ ಚಾಚಿದ, ಕಿವಿಯಂಥ ಕಬ್ಬಿಣದ ಪಟ್ಟಿಯಲ್ಲಿ ಇತ್ತು. ನಾನು ಯಾವುದನ್ನು ಮುಚ್ಚಿಡಲು ಎರಡು ತಿಂಗಳು ಹೆಣಗಿದ್ದೆನೋ ಅದನ್ನು ನಿಜದ ವ್ಯಾಗನ್ ಎದುರಿಗೇ ಇಟ್ಟುಕೊಂಡು ಓಡಾಡುತ್ತಿತ್ತು.

ಮನೆಗೆ ಬಂದು ಕಾಗದದ ಮೇಲೆ ಬರೆದು ನೋಡಿದೆ. ಕೀಲು ಹೊರಮುಖದಿಂದ ಎಷ್ಟು ಹೊರಗಿದೆಯೋ, ಕದ ಪೂರ್ತಿ ಹಿಂದಕ್ಕೆ ಮಡಚಿದಾಗ ಕದಕ್ಕೂ ಗೋಡೆಗೂ ನಡುವೆ ಅದರ ಎರಡರಷ್ಟು ಜಾಗ ಸಿಗುತ್ತದೆ. ನನ್ನ ಗೋಡೆಯ ಮೇಲೆ ಉಬ್ಬಿರುವ ಏಣು ಅರ್ಧ ಮಿಮೀ, ಕದದ ಏಣೂ ಅರ್ಧ ಮಿಮೀ. ಒಂದರ ಮೇಲೊಂದು ಬಂದರೆ ಒಂದು ಮಿಮೀ ಬೇಕು. ಹಾಗಾದರೆ ಕೀಲು ಅರ್ಧ ಮಿಮೀ ಹೊರಗಿದ್ದರೆ ಸಾಕು. ನಿಜದ ಅಳತೆಯಲ್ಲಿ ಅದು ನಾಲ್ಕು ಸೆಂಟಿಮೀಟರ್ ಮತ್ತು ಚೂರು. ಈ ಲೆಕ್ಕ ಸರಿಬಿದ್ದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ದಪ್ಪದ ಮಾತು. ಈ ಅಳತೆಯಲ್ಲಿ ಬಾಗಿಲು ತೆರೆದ ಕೂಡಲೇ ಎಲ್ಲ ಬಯಲಾಗುವುದು ಇಲ್ಲೇ. ಒಂದು ಮಿಮೀ ಗೋಡೆ ಅಂದರೆ ನಿಜದಲ್ಲಿ 87 ಮಿಮೀ ದಪ್ಪ. ಅಷ್ಟು ದಪ್ಪದ ಉಕ್ಕು ತಿಜೋರಿಗೆ ಹಾಕುತ್ತಾರೆ, ವ್ಯಾಗನ್ನಿಗಲ್ಲ. ಪ್ರಿಂಟರಿಗೆ ಹಾಕುವ ಕಾಗದ ಸುಮಾರು 0.1 ಮಿಮೀ, ಅದೂ ಇಲ್ಲಿ ಒಂಬತ್ತು ಮಿಮೀ ತಗಡಾಗುತ್ತದೆ. ಪೂರ್ತಿ ಗೋಡೆಯನ್ನು ಕಾಗದದಲ್ಲಿ ಕಟ್ಟಲಾಗದು. ಹಾಗಾಗಿ ಬಾಗಿಲಿನ ಚೌಕಟ್ಟಿನ ಅಂಚನ್ನು ಮಾತ್ರ ಒಳಗಡೆಯಿಂದ ಓರೆಯಾಗಿ ಅರದಲ್ಲಿ ಉಜ್ಜಿ, ಹೊರಗಿನಿಂದ ಕಾಣುವ ದಪ್ಪವನ್ನು ಕಾಲು ಮಿಮೀಗೆ ಇಳಿಸಿದೆ. ಕಣ್ಣು ಅಂಚನ್ನು ನೋಡಿ ಇಡೀ ಗೋಡೆಯೇ ತೆಳ್ಳಗಿದೆ ಎಂದು ನಂಬುತ್ತದೆ.

ಕೀಲಿನ ಪಟ್ಟಿಗೆ ಮಾತ್ರ ನನಗೆ ಸಿಕ್ಕ ವಸ್ತು ನೋಡಿ! ಹಲ್ಲು ತುಂಬುವಾಗ ಡಾಕ್ಟರು ಹಲ್ಲಿನ ಸುತ್ತ ಮ್ಯಾಟ್ರಿಕ್ಸ್ ಬ್ಯಾಂಡ್ ಎಂಬ ಉಕ್ಕಿನ ಪಟ್ಟಿ ಸುತ್ತುತ್ತಾರೆ. ಅದರ ದಪ್ಪ 0.05 ಮಿಮೀ. 87ರಿಂದ ಗುಣಿಸಿದರೆ ನಾಲ್ಕು ಮಿಮೀ ದಾಟುತ್ತದೆ, ನಿಜದ ಕಬ್ಬಿಣದ ಪಟ್ಟಿಯ ದಪ್ಪಕ್ಕೆ ಪಕ್ಕದಲ್ಲೇ ಬಂತು. ಹಲ್ಲಿಗೆ ಕ್ಲಿಪ್ ಕಟ್ಟುವ ಮೆತ್ತನೆಯ ಲಿಗೇಚರ್ ತಂತಿ 0.25 ಮಿಮೀ, ನಿಜದಲ್ಲಿ 22 ಮಿಮೀ ಕಡ್ಡಿ. ಪಟ್ಟಿಯನ್ನು ತಂತಿಯ ಸುತ್ತ ಮಡಚಿ, ಲ್ಯಾಬಿನ ಸ್ಪಾಟ್ ವೆಲ್ಡರಿನಲ್ಲಿ ಒಂದೇ ಚುಕ್ಕಿ ಬೆಸುಗೆ. ಹಲ್ಲಿನ ಬ್ಯಾಂಡಿಗೆ ಇಡುವ ಶಾಖದಲ್ಲಿ ಮೊದಲ ಐದಾರು ಪಟ್ಟಿ ತೂತು ಬಿದ್ದವು. ಎಲ್ಲಕ್ಕಿಂತ ಕಡಿಮೆಗೆ ಇಳಿಸಿದ ಮೇಲೆ ಹಿಡಿಯಿತು. ಕದಕ್ಕೆರಡರಂತೆ ನಾಲ್ಕು ಕದಕ್ಕೆ ಎಂಟು ಕೀಲು.

ಅವನ್ನು ಗೋಡೆಗೆ ಕೂರಿಸುವಾಗ ಒಂದು ಗೋಡೆ ಹಾಳಾಯಿತು. ಕೈಗೆ ಹತ್ತಿರವಿದ್ದ ಅಕ್ರಿಲಿಕ್‌ನಲ್ಲೇ ಹಿಡಿಸೋಣ ಎಂದು ಹೋದೆ. ಅದರ ದ್ರವ, ಮಾನೊಮರ್, ವ್ಯಾಗನ್ನಿನ ಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಐದು ನಿಮಿಷದಲ್ಲಿ ಗೋಡೆ ಬಿಸಿಲಿಗಿಟ್ಟ ಮೇಣದಂತಾಯಿತು. ಇದನ್ನು ಓದುವವರಲ್ಲಿ ಯಾರಾದರೂ ಹಲ್ಲಿನ ಲ್ಯಾಬಿನವರಿದ್ದರೆ ದಯವಿಟ್ಟು ನೆನಪಿಟ್ಟುಕೊಳ್ಳಿ. ಈಗ ಪಟ್ಟಿಯ ಬಾಲವನ್ನು ಸಣ್ಣ ಸೀಳಿನಿಂದ ಒಳಕ್ಕೆ ತೂರಿಸಿ, ಒಳಗೆ ಮಡಚಿ, ಸೂಜಿಯ ಮೊನೆಯಷ್ಟು ಸೂಪರ್ ಗ್ಲೂ ಇಡುತ್ತೇನೆ. ಅದಕ್ಕೆ ಮುಂಚೆ ಕೀಲಿಗೆ ವ್ಯಾಸಲೀನ್ ಸವರಿರಬೇಕು, ಇಲ್ಲದಿದ್ದರೆ ಗ್ಲೂ ತಾನೇ ಹರಿದು ಹೋಗಿ ಕೀಲನ್ನು ಹಿಡಿದುಬಿಡುತ್ತದೆ.

ಬಾಗಿಲು ತೆರೆದ ಮೇಲೆ ಒಳಗಿನ ಸಾಲ ತೀರಿಸಬೇಕು. ಮುಚ್ಚಿದ ವ್ಯಾಗನ್ನಿನೊಳಗೆ ಏನಿದ್ದರೂ ನಡೆಯುತ್ತದೆ. ತೆರೆದ ವ್ಯಾಗನ್ನಿಗೆ ನೆಲ ಬೇಕು, ಗೋಡೆಯ ಒಳಮುಖ ಬೇಕು, ಕತ್ತಲೆ ಸರಿಯಾದ ಬಣ್ಣದಲ್ಲಿರಬೇಕು. ಮೂಟೆಗಳನ್ನು ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಹಲ್ಲಿನ ಅಚ್ಚಿಗೆ ಹಾಕುವ ಡೆಂಟಲ್ ಸ್ಟೋನಿನಲ್ಲಿ ಎರಕ ಹೊಯ್ದೆ. 12 ಮಿಮೀ ಉದ್ದ, 7 ಮಿಮೀ ಅಗಲ. ಕಲ್ಲಿನಂಥ ತೂಕ, ಅದರಿಂದ ವ್ಯಾಗನ್ ಹಳಿಯ ಮೇಲೆ ಗಟ್ಟಿಯಾಗಿ ನಿಲ್ಲುವುದಕ್ಕೂ ಆಯಿತು. ಹೊಟ್ಟೆ ಉಬ್ಬಿದ ಮೂಟೆ, ಸೊಂಟ ಕುಗ್ಗಿದ ಮೂಟೆ, ಎಲ್ಲ ಸೇರಿ ಐದು ಬಗೆ ಮಾಡಿದೆ. ಒಂದೇ ಅಚ್ಚಿನ ಮೂವತ್ತು ಮೂಟೆ ಜೋಡಿಸಿದರೆ ಇಟ್ಟಿಗೆ ಗೂಡಿನಂತೆ ಕಾಣುತ್ತದೆ.

ಅಮೆರಿಕದ ಬಾಕ್ಸ್ ಕಾರಿಗೂ ಒಳಗೆ ಒಂದು ಹಲಗೆಯ ಅಡ್ಡ ಇಟ್ಟಿದ್ದೇನೆ. ಅಲ್ಲಿ ಗೋಧಿಯನ್ನು ಚೀಲವಿಲ್ಲದೆ ಬಿಡಿಯಾಗಿ ತುಂಬುತ್ತಿದ್ದ ಕಾಲದಲ್ಲಿ, ಬಾಗಿಲಿನ ಒಳಗೆ ಕೆಳಭಾಗಕ್ಕೆ ಹಲಗೆ ಹೊಡೆದು ಕಾಳು ನಿಲ್ಲಿಸಿ, ಹೊರಗಿನ ಕದವನ್ನು ಆಮೇಲೆ ಎಳೆಯುತ್ತಿದ್ದರು. ಅಪ್ಪನಿಗೆ ಇದನ್ನು ಹೇಳಿದಾಗ ತಲೆ ಆಡಿಸಿದರು. "ನಾವು ಸಂದಿಗೆ ಗೋಣಿ ತುರುಕ್ತಿದ್ದೋ. ಮಳೆಗಾಲ್ದಾಗೆ ನೀರು ಬರ್ದಂಗೆ."

ಅಪ್ಪನಿಗೆ ಈಗ ಎಂಬತ್ತೈದು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದೇವೆ. ಕಳೆದ ಭಾನುವಾರ ನಾಲ್ಕು ಕದವೂ ಪೂರ್ತಿ ಹಿಂದಕ್ಕೆ ಮಡಚತೊಡಗಿದ ಮೇಲೆ, ಊಟ ಮುಗಿದು ವ್ಯಾಗನ್ನನ್ನು ಅವರ ಮುಂದೆ ಇಟ್ಟೆ. ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಹೆಬ್ಬೆರಳಿನ ಉಗುರಿನಿಂದ ಒಂದು ಕದ ತೆರೆದರು, ಗೋಡೆಗೆ ಒರಗಿಸಿದರು. ಮೇಜು ಸ್ವಲ್ಪ ಅಲುಗಿತು. ಕದ ಅರ್ಧ ವಾಪಸ್ ಬಂತು.

"ಕೊಂಡಿ ಎಲ್ಲಿ ಲಾ?"

"ಯಾವ ಕೊಂಡಿ ಅಪ್ಪ? ಚಿಲಕ ಹಾಕಿದ್ದೀನಲ್ಲ."

"ಚಿಲ್ಕ ಮುಚ್ಚಕ್ಕೆ. ತೆಗ್ದಾಗ ಹಿಡ್ಕಳಕ್ಕೆ ಗೋಡೆ ಮ್ಯಾಗೆ ಕೊಂಡಿ ಇರ್ತದೆ. ಇಲ್ದಿದ್ರೆ ಗಾಳಿಗೆ ಬಡ್ಕಂಡು ಹೊರೋನ ತಲೆ ಹೊಡಿತದೆ ಕಣ್ಲಾ."

ಒಪ್ಪಿಕೊಳ್ಳುವುದು ಬಿಟ್ಟು ದಾರಿಯಿರಲಿಲ್ಲ. ಬಿಟ್ಟಲ್ಲಿ ನಿಲ್ಲಿಸಲು ಕೀಲನ್ನು ಬಿಗಿ ಮಾಡುವುದೋ, ಹಿಂದೆ ಸ್ಪ್ರಿಂಗ್ ಇಡುವುದೋ ಎಂದು ನಾನು ಪುಟಗಟ್ಟಲೆ ಗೀಚಿದ್ದೆ. ನಿಜದ ವ್ಯಾಗನ್ನಿನಲ್ಲಿ ಅದಕ್ಕೊಂದು ಕೊಂಡಿ ಇತ್ತು.

ಅದೇ ಲಿಗೇಚರ್ ತಂತಿಯಲ್ಲಿ ನಾಲ್ಕು ಕೊಂಡಿ ಬಗ್ಗಿಸಿದೆ, ಒಂದೊಂದು ಮೂರು ಮಿಮೀ ಉದ್ದ. ಗೋಡೆಯ ತೂತಿನಲ್ಲಿ ತಿರುಗುತ್ತವೆ, ತುದಿ ಕದದ ಅಂಚಿನ ಮೇಲೆ ಬೀಳುತ್ತದೆ. ನಿನ್ನೆ ಸಂಜೆ ಮತ್ತೆ ಅಪ್ಪನ ಮುಂದೆ ಇಟ್ಟೆ. ಒಳಗೆ ಮೂಟೆ ತುಂಬಿತ್ತು, ಕದ ಮುಚ್ಚಿತ್ತು. ಅಪ್ಪ ಚಿಲಕಕ್ಕೆ ಉಗುರು ಇಟ್ಟರು. ತೆಗೆಯುವ ಮೊದಲು ಕೂತಲ್ಲೇ ಸ್ವಲ್ಪ ಪಕ್ಕಕ್ಕೆ, ಕೀಲಿನ ಕಡೆಗೆ, ಜರುಗಿ ಕೂತರು.